ಗಾಡಿಗೆ ಹೇಳಿದ ಮಾತು

ಷಡ್ಡಕ ಅನ್ನುವ ಸಂಬಂಧವನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ, ಅವನು ಸಿಕ್ಕರೆ ನಿಲ್ಲಿಸಿ ಕೇಳಬೇಕು ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ. ಅಣ್ಣತಮ್ಮಂದಿರ ಜಗಳಕ್ಕೆ ಒಂದು ಅರ್ಥವಿದೆ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಭಾವಮೈದುನರ ಜಗಳಕ್ಕೂ ಒಂದು ರೀತಿ ನೀತಿ ಇದೆ. ಈ ಷಡ್ಡಕ ಯಾರು? ನನ್ನ ಹೆಂಡತಿಯ ಅಕ್ಕನನ್ನು ಕಟ್ಟಿಕೊಂಡವನು. ಇಬ್ಬರೂ ಒಂದೇ ಮಾವನ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತೇವೆ ಅನ್ನುವುದು ಬಿಟ್ಟರೆ ನಮಗೆ ಇನ್ನೇನೂ ನಂಟಿಲ್ಲ. ಅಂಥವನ ಜೊತೆ ಒಂದೇ ಲಾರಿಯಲ್ಲಿ ಹನ್ನೊಂದು ವರ್ಷ ಅರಕಲಗೂಡಿನಿಂದ ದಿಲ್ಲಿಗೆ, ದಿಲ್ಲಿಯಿಂದ ಹಾಸನಕ್ಕೆ ಓಡಾಡಿದೆ. ಅದರಲ್ಲಿ ಕೊನೆಯ ಒಂದೂವರೆ ವರ್ಷ ನಾವು ಮಾತು ಬಿಟ್ಟಿದ್ದೆವು.

ಲಾಂಗ್ ಲೈನ್ ಡ್ರೈವರ್ ಅಂದ ತಕ್ಷಣ ಜನ ಕಣ್ಣರಳಿಸುತ್ತಾರೆ. ದೇಶವನ್ನೆಲ್ಲ ನೋಡಿದ್ದೀಯಲ್ಲಪ್ಪ, ಪುಣ್ಯವಂತ ಅನ್ನುತ್ತಾರೆ. ನಾನು ನೋಡಿದ ದೇಶ ಅಂದರೆ ಮುಂದಿನ ಲಾರಿಯ ಹಿಂಭಾಗ. ಆಗ್ರಾದ ಪಕ್ಕದಲ್ಲೇ ನೂರಾರು ಸಲ ಹೋಗಿದ್ದೇನೆ, ತಾಜಮಹಲನ್ನು ಮಾತ್ರ ಕ್ಯಾಲೆಂಡರಿನಲ್ಲೇ ನೋಡಿರುವುದು. ನಮ್ಮದು ಶುಂಠಿ ಲೋಡು. ಶುಂಠಿಗೆ ಗಾಳಿ ಬೇಕು. ಮಳೆ ಬಂದರೆ ಟಾರ್ಪಾಲು ಎಳೆದು ಕಟ್ಟಬೇಕು, ಮಳೆ ನಿಂತ ಕೂಡಲೇ ಬಿಚ್ಚಬೇಕು, ಇಲ್ಲದಿದ್ದರೆ ಮೂಟೆಯೊಳಗೇ ಬೆಂದು ಕೊಳೆಯುತ್ತದೆ. ದಿಲ್ಲಿ ಮುಟ್ಟುವುದಕ್ಕೆ ನಾಲ್ಕೈದು ದಿನ. ಒಬ್ಬ ಓಡಿಸುವಾಗ ಇನ್ನೊಬ್ಬ ಸೀಟಿನ ಹಿಂದಿನ ಬರ್ತಿನಲ್ಲಿ ಪರದೆ ಎಳೆದುಕೊಂಡು ಮಲಗಬೇಕು. ನಿದ್ದೆ ಬರಲಿ ಬಿಡಲಿ, ಮಲಗಲೇಬೇಕು. ಹೀಗೆ ಪಾಳಿಯ ಮೇಲೆ ಓಡುವ ಇಬ್ಬರು ಒಬ್ಬರ ಮೇಲೊಬ್ಬರು ಪ್ರಾಣ ಇಟ್ಟಿರುತ್ತಾರೆ. ಇದನ್ನು ದೊಡ್ಡ ಮಾತು ಅಂತ ಹೇಳುತ್ತಿಲ್ಲ, ಕೆಲಸವೇ ಹಾಗೆ.

ಅವನು ನನಗಿಂತ ಆರು ವರ್ಷ ದೊಡ್ಡವನು. ನನಗೆ ಹೆವಿ ಲೈಸೆನ್ಸ್ ಮಾಡಿಸಿದವನು, ಘಾಟಿಯಲ್ಲಿ ಬ್ರೇಕಿನ ಮೇಲೆ ಕಾಲು ಇಟ್ಟುಕೊಂಡೇ ಇಳಿಸಬೇಡ ಅಂತ ತಲೆ ಮೇಲೆ ಮೊಟಕಿ ಕಲಿಸಿದವನು ಅವನೇ. ನಾನು ಅಣ್ಣ ಅಂತ ಕರೆಯುತ್ತಿದ್ದೆ. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಆಮೇಲೆ ಯಾರಾದರೂ ಬಂದು ಉಪಕಾರ ಮರೆತವನು ಅಂತ ನನಗೆ ಬುದ್ಧಿ ಹೇಳುವುದು ಬೇಡ.

ಜಗಳ ಆದದ್ದು ಮಾವನ ಮನೆಯಲ್ಲಿ, ಹೊಳೆನರಸೀಪುರದ ಹತ್ತಿರದ ಹಳ್ಳಿ. ಮಾವನ ಮಗನ ಮದುವೆಯ ಬೀಗರೂಟ. ಹೊಸ ಬೀಗರು ಸಾಲಾಗಿ ಕೂತಿದ್ದರು, ಎಲೆಗೆ ಮುದ್ದೆ ಬಿದ್ದಿತ್ತು, ಸಾರು ಬಿದ್ದಿತ್ತು, ನನ್ನ ಹೆಂಡತಿ ಕೈಯಲ್ಲಿ ಬಕೆಟ್ಟು ಹಿಡಿದು ಬಡಿಸುತ್ತಿದ್ದಳು. ಬೀಗರಲ್ಲಿ ಯಾರೋ ಒಬ್ಬರು ದಿಲ್ಲಿ ತನಕ ಹೋಗುತ್ತೀರಲ್ಲ, ನಿದ್ದೆ ಹೇಗೆ ಮಾಡುತ್ತೀರಿ ಅಂತ ಕೇಳಿದರು. ಕೇಳಿದ್ದು ನನ್ನನ್ನು. ಉತ್ತರ ಕೊಟ್ಟವನು ಅವನು.

“ನಮ್ ತಮ್ಮಂಗೇನ್ ಬುಡಿ, ಸ್ಟೀರಿಂಗ್ ಮೇಲೇ ಮಲಗ್ತಾನೆ. ಅವತ್ತು ಘಾಟಿಲಿ ನಾನು ಕೈ ಆಕ್ದೆ ಓಗಿದ್ರೆ ನಮ್ ನಾದ್ನಿ ಕುಂಕುಮ ಒರಸ್ಕಂಡು ಕುಂತಿರೋಳು.”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನನ್ನ ಹೆಂಡತಿ ಬಕೆಟ್ಟು ಹಿಡಿದುಕೊಂಡು ಅಲ್ಲೇ ನಿಂತಳು. ಮದುವೆ ಮನೆಯಲ್ಲಿ, ಅವಳ ಎದುರಿಗೇ ಆಡುವ ಮಾತೇ ಅದು? ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿದದ್ದು ಏಕೆಂದರೆ ಮಾತು ನಿಜವಾಗಿತ್ತು. ಸಾತಾರಾ ದಾಟಿದ ಮೇಲೆ ಸಿಗುವ ಘಾಟಿಯಲ್ಲಿ ಬೆಳಗಿನ ಬಿಸಿಲಿಗೆ ಒಂದು ಗಳಿಗೆ ನನ್ನ ಕಣ್ಣು ಎಳೆದಿತ್ತು, ಅವನು ಪಕ್ಕದಿಂದ ಸ್ಟೀರಿಂಗ್ ಹಿಡಿದು ತಿರುಗಿಸಿದ್ದ. ಅವತ್ತೇ ಇಬ್ಬರೂ ಇಳಿದು ಟೀ ಕುಡಿದು, ಇದು ಗಾಡಿಯಲ್ಲೇ ಇರಲಿ ಅಂತ ಮಾತಾಡಿಕೊಂಡಿದ್ದೆವು. ಡ್ರೈವರನಿಗೆ ಕುಡುಕ ಅನ್ನಿ, ತಡೆದುಕೊಳ್ಳುತ್ತಾನೆ. ಸ್ಟೀರಿಂಗ್ ಮೇಲೆ ಮಲಗುವವನು ಅಂತ ಒಂದು ಸಲ ಹೆಸರು ಬಿದ್ದರೆ ಯಾವ ಓನರ್ರೂ ಕೀ ಕೊಡುವುದಿಲ್ಲ.

ನಾನು ಎಲೆ ಬಿಟ್ಟು ಎದ್ದೆ. ಬೀಗರೂಟದಲ್ಲಿ ಅರ್ಧ ಎಲೆಗೆ ಏಳುವುದು ಅಂದರೆ ಇಡೀ ಮನೆತನದ ಮುಖಕ್ಕೆ ಉಗಿದ ಹಾಗೆ. ಮಾವ ಬಂದು ಕೈ ಹಿಡಿದುಕೊಂಡರು, ಕೊಡವಿದೆ. ಇವನು ಕೂತಲ್ಲಿಂದಲೇ ತಮಾಷೆಗೆ ಅಂದೆ ಕಣ್ಲಾ, ಕುಂತ್ಕೊ ಅಂದ. ಅದೇ ಅವನು ನನ್ನನ್ನು ನೋಡಿ ಆಡಿದ ಕೊನೆಯ ಮಾತು.

ಮಾರನೆಯ ದಿನ ಚನ್ನರಾಯಪಟ್ಟಣಕ್ಕೆ ಹೋಗಿ ಓನರ್ರ ಮುಂದೆ ನಿಂತೆ. ತೆಂಗಿನಕಾಯಿ ಮಂಡಿ ಇಟ್ಟುಕೊಂಡ ಮನುಷ್ಯರು, ನಾಲ್ಕು ಲಾರಿ ಇದ್ದವು. ನನಗೆ ಬೇರೆ ಗಾಡಿ ಕೊಡಿ, ಇಲ್ಲ ಬೇರೆ ಜೊತೆ ಕೊಡಿ ಅಂದೆ. ಮಾತಾಡುವುದಕ್ಕೆ ನಾನು ಯಾರನ್ನೂ ಇಟ್ಟುಕೊಂಡಿಲ್ಲ, ಓಡಿಸುವುದಕ್ಕೆ ಇಟ್ಟುಕೊಂಡಿದ್ದೇನೆ, ಈ ಜೋಡಿ ಇವತ್ತಿನವರೆಗೆ ಒಂದು ಲೋಡು ಕೆಡಿಸಿಲ್ಲ, ಬೇಡ ಅಂದರೆ ಇಬ್ಬರೂ ಇಳಿಯಿರಿ ಅಂದುಬಿಟ್ಟರು. ನಾನು ಇಳಿಯಲಿಲ್ಲ. ಇಳಿದರೆ ಅವನು ಗೆದ್ದ ಹಾಗೆ. ಅವನೂ ಹಾಗೇ ಅಂದುಕೊಂಡಿರಬೇಕು.

ನಮ್ಮ ಕಡೆ ಮಾತು ಬಿಟ್ಟವರು ಒಂದೇ ಮನೆಯಲ್ಲಿ ಬಾಳಬೇಕಾಗಿ ಬಂದರೆ ಅದಕ್ಕೊಂದು ದಾರಿ ಇದೆ. ನನ್ನ ಅಜ್ಜಿ ಅಜ್ಜನ ಜೊತೆ ಮಾತು ಬಿಟ್ಟು ಎಮ್ಮೆಯ ಜೊತೆ ಮಾತಾಡುತ್ತಿದ್ದಳು. ಎಮ್ಮೇ, ಮುದ್ದೆ ಆರೋಗ್ತೈತೆ, ಉಣ್ಣೋರು ಬಂದು ಉಣ್ಣಲಿ ಅನ್ನುತ್ತಿದ್ದಳು. ಅಜ್ಜನೂ ಎಮ್ಮೆಗೇ ಉತ್ತರ ಕೊಡುತ್ತಿದ್ದ. ಯಾರು ಮೊದಲು ನೇರವಾಗಿ ಮುಖ ನೋಡಿ ಮಾತಾಡುತ್ತಾರೋ ಅವರು ಸೋತ ಹಾಗೆ. ಇದನ್ನು ಯಾರೂ ಕೂತು ಕಾನೂನು ಮಾಡಿದ್ದಲ್ಲ, ನಮ್ಮ ಜನಕ್ಕೆ ಹುಟ್ಟುತ್ತಲೇ ಗೊತ್ತಿರುತ್ತದೆ. ನಮಗೆ ಎಮ್ಮೆ ಇರಲಿಲ್ಲ, ಲಾರಿ ಇತ್ತು.

ಅವನು ಡ್ಯಾಶ್‌ಬೋರ್ಡು ತಟ್ಟಿ, ಗಾಡಿ, ಮುಂದೆ ಎಂಬತ್ತು ಕಿಲೋಮೀಟರ್ ಬಂಕ್ ಇಲ್ಲ ಕಣ್ಲಾ ಅನ್ನುತ್ತಿದ್ದ. ನಾನು ಪರದೆಯ ಹಿಂದಿನಿಂದ, ಗೊತ್ತೈತೆ ಗಾಡಿ, ನಿಂಗ್ಯಾಕೆ ಚಿಂತೆ ಅನ್ನುತ್ತಿದ್ದೆ. ಮಳೆ ಬಂದದ್ದು, ಟಾರ್ಪಾಲು ಬಿಚ್ಚಬೇಕಾದದ್ದು, ಹಿಂದಿನ ಟೈರು ಬಿಸಿಯಾದದ್ದು ಎಲ್ಲವೂ ಗಾಡಿಗೇ ಹೇಳುವುದು. ಚುಚ್ಚುವುದೂ ಅದರ ಮೂಲಕವೇ. ಘಾಟಿ ಬಂದಾಗಲೆಲ್ಲ, ಗಾಡಿ, ಉಷಾರು ಕಣ್ಲಾ, ಕೆಲವ್ರಿಗೆ ಇಲ್ಲಿ ಜೋಂಪು ಅಂತ ತಪ್ಪದೆ ಹೇಳುತ್ತಿದ್ದ. ಹೆಂಡತಿಯರ ಫೋನು ಬಂದರೆ ಮಾತ್ರ ಇಬ್ಬರೂ ಒಳ್ಳೆಯ ದನಿಯಲ್ಲಿ ಮಾತಾಡುತ್ತಿದ್ದೆವು. ಅಕ್ಕತಂಗಿಯರು ಚೆನ್ನಾಗಿಯೇ ಇದ್ದರು, ಸುಡುಗಾಡು.

ಒಂದು ಸಲ ನಾನು ಸೋತೆ. ಧಾರವಾಡದ ಹತ್ತಿರ ಢಾಬಾದ ಮುಂದೆ ಗಾಡಿ ನಿಲ್ಲಿಸಿ ಅವನು ಚಕ್ರ ನೋಡಲು ಬಗ್ಗಿದವನು ಅಯ್ಯೋ ಅಂತ ಕೂಗಿ ಸೊಂಟ ಹಿಡಿದುಕೊಂಡು ಕೂತುಬಿಟ್ಟ. ನಾನು ಕುಡಿಯುತ್ತಿದ್ದ ಟೀ ಬಿಸಾಡಿ ಓಡಿ ಹೋಗಿ ಏನಾಯ್ತಣ್ಣ ಅಂದೆ. ಅವನು ಎದ್ದ, ಮಂಡಿಯ ಧೂಳು ಕೊಡವಿಕೊಂಡ, ಟೈರನ್ನು ತಟ್ಟಿ, ನೋಡ್ದಾ ಗಾಡಿ, ಮೂಗಂಗೆ ಬಾಯಿ ಬಂತು ಅಂದ. ಢಾಬಾದವರೂ ನಕ್ಕರು, ಭಾಷೆ ಅರ್ಥವಾಗುತ್ತಿದ್ದ ಊರು. ಅವತ್ತು ಹತ್ತಿ ಕೂತವನೇ ಅವನಿಗೆ ಕೇಳುವ ಹಾಗೆ ಗಾಡಿಗೆ ಹೇಳಿದೆ.

“ಗಾಡಿ, ಇನ್ಮೇಲೆ ನನ್ ಕಣ್ ಮುಂದೆ ಪ್ರಾಣ ಬುಟ್ರೂ ನಾನು ಬಾಯಿ ಬುಡಾಕಿಲ್ಲ.”

ಇದಾಗಿ ನಾಲ್ಕು ತಿಂಗಳಿಗೆ ನಾವು ದಿಲ್ಲಿಗೆ ಶುಂಠಿ ಇಳಿಸಿ, ಬರುವಾಗ ನಾಸಿಕದ ಕಡೆಯ ಈರುಳ್ಳಿ ತುಂಬಿಕೊಂಡು ಹಾಸನಕ್ಕೆ ಬರುತ್ತಿದ್ದೆವು. ಹಿರಿಯೂರಿನಲ್ಲಿ ಮಧ್ಯಾಹ್ನದ ಊಟ. ಅವನು ಅನ್ನ ಅರ್ಧ ಬಿಟ್ಟ. ನಾನು ನೋಡಿದೆ, ಕೇಳಲಿಲ್ಲ. ಅಲ್ಲಿಂದ ಅವನ ಪಾಳಿ. ನಾನು ಬರ್ತಿಗೆ ಹತ್ತಿ ಪರದೆ ಎಳೆದುಕೊಂಡೆ. ಸೆಕೆಗೆ ನಿದ್ದೆ ಹತ್ತಲಿಲ್ಲ.

ಹುಳಿಯಾರು ದಾಟುವಾಗ ಅವನು ಮಾತಾಡಿದ. “ಗಾಡಿ, ಎದೆ ಯಾಕೋ ಇಡ್ಕಂಡಂಗೆ ಆಗ್ತೈತೆ ಕಣ್ಲಾ.”

ದನಿ ಸಣ್ಣಗಿತ್ತು. ಡ್ಯಾಶ್‌ಬೋರ್ಡು ತಟ್ಟಲಿಲ್ಲ. ನಾನು ಮಲಗಿದ ಕಡೆಯೇ ಮಲಗಿದ್ದೆ. ಮೊದಲು ಸೊಂಟ ಹಿಡಿದಿತ್ತು, ಈಗ ಎದೆ ಹಿಡಿಯಿತು, ಬಡ್ಡೀಮಗ ನಾಟಕ ಆಡುತ್ತಿದ್ದಾನೆ ಅಂದುಕೊಂಡೆ. ಈಗ ನಾನು ಪರದೆ ಸರಿಸಿ ಏನಾಯ್ತು ಅನ್ನಬೇಕು, ಅವನು ನಗಬೇಕು, ನಾಳೆ ಹೊಳೆನರಸೀಪುರದಲ್ಲಿ ಎಲ್ಲರ ಮುಂದೆ ಅದೊಂದು ಕತೆಯಾಗಬೇಕು. ಹೋಗಲಿ, ಗಾಡಿಗಾದರೂ ಹೇಳಬಹುದಿತ್ತು. ಗಾಡಿ, ನಿಲ್ಸು ಅಂದಿದ್ದರೆ ನಾನು ಸೋಲುತ್ತಿರಲಿಲ್ಲ. ಅದನ್ನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನು ಇನ್ನೊಂದು ಸಲ ಹೇಳಿದ, ಎಡಗೈ ಜೋಮು ಬತ್ತೈತೆ ಗಾಡಿ ಅಂತ. ಆಮೇಲೆ ಸುಮ್ಮನಾದ.

ಇಲ್ಲಿ ನಾನು ಒಂದು ವಿಷಯ ನೆಟ್ಟಗೆ ಹೇಳಿಬಿಡಬೇಕು. ಎರಡನೆಯ ಸಲ ಹೇಳಿದಾಗ ಅದು ನಾಟಕವಲ್ಲ ಅಂತ ನನಗೆ ಅರ್ಧಕ್ಕರ್ಧ ಗೊತ್ತಾಗಿತ್ತು. ಗಾಡಿ ಎಂದೂ ಇಲ್ಲದ ಹಾಗೆ ನಿಧಾನಕ್ಕೆ ಹೋಗುತ್ತಿತ್ತು, ಗೇರು ಬದಲಿಸುವಾಗ ಕಟಕಟ ಅನ್ನುತ್ತಿತ್ತು. ಅವನ ಕೈಯಲ್ಲಿ ಗೇರು ಎಂದೂ ಸದ್ದು ಮಾಡಿದ್ದಿಲ್ಲ. ಅರಸೀಕೆರೆಯಲ್ಲಿ ಆಸ್ಪತ್ರೆ ಇದೆ, ನಿಜವಾಗಿ ನೋವಿದ್ದರೆ ಅಲ್ಲಿ ನಿಲ್ಲಿಸುತ್ತಾನೆ ಅಂದುಕೊಂಡೆ. ಅರಸೀಕೆರೆ ಬಂತು, ಹೋಯಿತು. ನಿಲ್ಲಿಸಲಿಲ್ಲ. ಅವನಿಗೂ ಗೊತ್ತಿರಬೇಕು, ನಿಲ್ಲಿಸಿದರೆ ಏಕೆ ನಿಲ್ಲಿಸಿದೆ ಅಂತ ಯಾರಿಗಾದರೂ ಹೇಳಬೇಕಾಗುತ್ತದೆ, ಗಾಡಿ ಆಸ್ಪತ್ರೆಯ ಮೆಟ್ಟಿಲು ಹತ್ತಿಸುವುದಿಲ್ಲ. ಮುಂಡೇದಕ್ಕೆ ಅಷ್ಟು ಹಟ. ನನಗೆ ಅದಕ್ಕಿಂತ ಒಂದು ಹಿಡಿ ಹೆಚ್ಚು.

ಕೊರವಂಗಲದ ಗೇಟಿನ ಹತ್ತಿರ ಗಾಡಿ ರಸ್ತೆ ಪಕ್ಕಕ್ಕೆ ಸರಿದು ನಿಂತಿತು. ಇಂಜಿನ್ ಆಫ್ ಆಯಿತು. ಬಾಗಿಲು ತೆಗೆದ ಸದ್ದು ಬರಲಿಲ್ಲ. ನಾನು ಆಗಲೂ ಕಾದೆ. ಒಂದು ಬಸ್ಸು ಹೋಯಿತು, ಇನ್ನೊಂದು ಬಸ್ಸು ಹೋಯಿತು, ಆಮೇಲೆ ಪರದೆ ಸರಿಸಿದೆ. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಹ್ಯಾಂಡ್‌ಬ್ರೇಕು ಮಾತ್ರ ಸರಿಯಾಗಿ ಹಾಕಿದ್ದ. ಕಂಕುಳಿಗೆ ಕೈ ಹಾಕಿ ಪಕ್ಕದ ಸೀಟಿಗೆ ಎಳೆದು, ಟವೆಲ್ಲಿನಿಂದ ಸೀಟಿಗೆ ಕಟ್ಟಿ, ಹಾಸನದ ಕಡೆ ಬಿಟ್ಟೆ. ತುಂಬಿದ ಗಾಡಿಯನ್ನು ಅಷ್ಟು ಜೋರಾಗಿ ನಾನು ಎಂದೂ ಓಡಿಸಿಲ್ಲ. ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ. ದಾರಿ ಬಿಡದ ಒಬ್ಬ ಕಾರಿನವನಿಗೆ ಅವನ ಅವ್ವ ಅಪ್ಪ ಎಲ್ಲ ಸೇರಿಸಿ ಬೈದೆ. ಪಕ್ಕದಲ್ಲಿ ಬಾಯಿ ತೆರೆದುಕೊಂಡು ಉಸಿರೆಳೆಯುತ್ತಿದ್ದವನಿಗೆ ಒಂದು ಮಾತು ಆಡಲಿಲ್ಲ. ನನಗೇ ಈಗ ನಂಬಲು ಆಗುವುದಿಲ್ಲ, ಆದರೆ ಆಡಲಿಲ್ಲ.

ಆಸ್ಪತ್ರೆಯಲ್ಲಿ ಸ್ಟ್ರೆಚರ್ ಮೇಲೆ ಹಾಕಿದರು, ತಂತಿಗಳನ್ನು ಅಂಟಿಸಿದರು. ಡಾಕ್ಟರ್ ಸಣ್ಣ ವಯಸ್ಸಿನ ಹೆಣ್ಣುಮಗಳು. ಇಸಿಜಿ ಕಾಗದ ನೋಡಿದವರೇ ನನ್ನ ಕಡೆ ತಿರುಗಿ, ನೋವು ಯಾವಾಗ ಶುರುವಾಯಿತು, ಸರಿಯಾಗಿ ಹೇಳಿ, ಇಂಜೆಕ್ಷನ್ ಕೊಡುವುದು ಅದರ ಮೇಲೆ ಇದೆ ಅಂದರು.

ನಾನು ಅರ್ಧ ಗಂಟೆ ಆಯ್ತು ಮೇಡಂ ಅಂದೆ.

ಅದು ನನ್ನ ಬಾಯಿಂದ ಹೇಗೆ ಬಂತೋ. ಎರಡೂವರೆ ಗಂಟೆ ಅಂದರೆ, ಅಷ್ಟು ಹೊತ್ತು ನೀನೇನು ಮಾಡುತ್ತಿದ್ದೆ ಅಂತ ಕೇಳುತ್ತಾರೆ. ಆ ಪ್ರಶ್ನೆಯೊಂದು ಬಾರದೆ ಇರಲಿ ಅಂತ ಒಬ್ಬನ ಪ್ರಾಣವನ್ನು ಇನ್ನೊಂದು ಸಲ ಪಣಕ್ಕಿಟ್ಟೆ. ಸ್ಟ್ರೆಚರ್ ಮೇಲಿದ್ದವನು ಮೂಗಿನ ಮೇಲಿದ್ದ ಮಾಸ್ಕನ್ನು ಕೈಯಿಂದ ಸರಿಸಿದ.

“ಇಲ್ಲ ಮೇಡಂ. ಹುಳಿಯಾರಿಂದ. ಎರಡೂವರೆ ಗಂಟೆ ಆಗೈತೆ.”

ಡಾಕ್ಟರ್ ನನ್ನನ್ನು ನೋಡಿದರು. ನಿಮಗೆ ಗೊತ್ತಾಗಲಿಲ್ಲವಾ, ಜೊತೆಯಲ್ಲೇ ಇದ್ದಿರಲ್ಲ ಅಂದರು. ಅವನು ಸೂರು ನೋಡುತ್ತಾ ನನ್ನ ಪರವಾಗಿ ಹೇಳಿದ.

“ಅವ್ನು ಮಲಗಿದ್ದ.”

ಪಂಕ್ತಿಯ ಮುಂದೆ ನನ್ನನ್ನು ನಿದ್ದೆಬುರುಕ ಅಂತ ಹರಾಜು ಹಾಕಿದವನು, ನಾನು ಎಚ್ಚರವಾಗಿದ್ದ ಒಂದೇ ಒಂದು ದಿನ ಮಲಗಿದ್ದ ಅಂತ ಹೇಳಿ ಬಿಡಿಸಿದ. ಅವರು ಮಾಸ್ಕನ್ನು ವಾಪಸ್ ಹಾಕಿ ಸ್ಟ್ರೆಚರ್ ಒಳಗೆ ತಳ್ಳಿಕೊಂಡು ಹೋದರು. ನಾನು ಹೊರಗೆ ಬಂದು ಲಾರಿಯ ಚಕ್ರಕ್ಕೆ ಒದ್ದೆ, ಕಾಲು ಉಳುಕುವ ಹಾಗೆ.

ಬದುಕಿಕೊಂಡ. ಗುಂಡಿಗೆಯ ಅರ್ಧ ಕೆಲಸ ಮಾಡುವುದಿಲ್ಲ ಅಂದರು, ಸ್ಟೀರಿಂಗ್ ಮುಟ್ಟುವ ಹಾಗಿಲ್ಲ. ಅಲ್ಲಿಂದ ನನಗೆ ನರಕ ಶುರುವಾಯಿತು. ಅತ್ತಿಗೆ, ಅಂದರೆ ಅವನ ಹೆಂಡತಿ, ಆಸ್ಪತ್ರೆಯ ವರಾಂಡದಲ್ಲಿ ನನ್ನ ಕೈ ಹಿಡಿದುಕೊಂಡು, ನನ್ ಕುಂಕುಮ ಉಳಿಸ್ಬುಟ್ಟೆ ಕಣಪ್ಪ ಅಂತ ಅತ್ತರು. ಮಾವ ಊರಿಗೆ ಕರೆಸಿ ಕುರ್ಚಿ ಹಾಕಿ ಕೂರಿಸಿದರು. ಎದ್ದು ಹೋಗಿದ್ದ ಎಲೆಯ ಮಾತನ್ನು ಯಾರೂ ಎತ್ತಲಿಲ್ಲ. ನಿದ್ದೆಗಣ್ಣಲ್ಲಿ ಎದ್ದು ಹತ್ತೇ ನಿಮಿಷಕ್ಕೆ ಹಾಸನ ಮುಟ್ಟಿಸಿದನಂತೆ, ಮಾತು ಬಿಟ್ಟಿದ್ದರೂ ಸಂಬಂಧ ಬಿಡಲಿಲ್ಲ ನೋಡಿ ಅಂತ ಚನ್ನರಾಯಪಟ್ಟಣದ ಮಂಡಿಯಲ್ಲೂ ಹೇಳಿಕೊಂಡರು. ಓನರ್ರು ಬೆನ್ನು ತಟ್ಟಿದರು. ನನ್ನ ಹೆಂಡತಿ ಮೊದಲ ಸಲ ನನ್ನನ್ನು ನೋಡಿ ಹೆಮ್ಮೆಪಟ್ಟಳು. ಅದು ಎಲ್ಲಕ್ಕಿಂತ ಕಷ್ಟವಾಯಿತು.

ಅವನು ಒಂದು ಮಾತು ಹೇಳಿದ್ದರೆ ಇದೆಲ್ಲ ನಿಲ್ಲುತ್ತಿತ್ತು. ಹೇಳಲಿಲ್ಲ. ಅದಕ್ಕೆ ನನಗೆ ಅವನ ಮೇಲೆ ಮೊದಲಿಗಿಂತ ಹತ್ತು ಪಾಲು ದ್ವೇಷ ಹುಟ್ಟಿತು. ಹೇಳದೆ ಇಟ್ಟುಕೊಂಡಿದ್ದಾನೆ, ಬೇಕಾದಾಗ ತೆಗೆಯುತ್ತಾನೆ, ಇನ್ನೊಂದು ಪಂಕ್ತಿ ಕೂರಲಿ ಅಂತ ಕಾಯುತ್ತಿದ್ದಾನೆ ಅಂದುಕೊಂಡೆ. ಹೊಸ ಜೊತೆಗಾರನೊಡನೆ ದಿಲ್ಲಿಗೆ ಹೋಗಿಬಂದೆ, ಎರಡು ಸಲ, ಮೂರು ಸಲ. ಬರ್ತಿನಲ್ಲಿ ಮಲಗಿದರೆ ಕಣ್ಣು ಮುಚ್ಚುತ್ತಿರಲಿಲ್ಲ. ಮುಂದೆ ಕೂತವನು ಸುಮ್ಮನೆ ಕೆಮ್ಮಿದರೂ ಎದ್ದು ಕೂತು ಏನಾಯ್ತು ಅನ್ನುತ್ತಿದ್ದೆ. ಆ ಹುಡುಗಾಟದ ಮನುಷ್ಯ ನಿನಗೆ ತಲೆ ಕೆಟ್ಟಿದೆ ಅಂದ.

ನಾಲ್ಕನೆಯ ಟ್ರಿಪ್ಪಿನಿಂದ ಬಂದವನು ಮನೆಗೆ ಹೋಗದೆ ನೇರವಾಗಿ ಅವನ ಮನೆಯಿದ್ದ ಹೊಳೆನರಸೀಪುರದ ಬಸ್ಸು ಹತ್ತಿದೆ. ಅವನು ಮನೆಯ ಮುಂದಿನ ಜಗಲಿಯ ಮೇಲೆ ಕೂತಿದ್ದ. ಸೊರಗಿ ಅಂಗಿ ದೊಡ್ಡದಾಗಿತ್ತು. ಅತ್ತಿಗೆ ನನ್ನನ್ನು ಕಂಡವರೇ ಬಾಪ್ಪ ಬಾ ಅಂದು ಕಾಫಿಗೆ ಇಡಲು ಒಳಗೆ ಓಡಿದರು. ಪಕ್ಕದಲ್ಲಿ ಗಾಡಿ ಇರಲಿಲ್ಲ, ಎಮ್ಮೆ ಇರಲಿಲ್ಲ. ನಾನೇ ಮುಖ ನೋಡಿ ಹೇಳಿದೆ.

“ಅವತ್ತು ನಾನು ಮಲಗಿರ್ಲಿಲ್ಲ.”

“ಗೊತ್ತು,” ಅಂದ. “ಮಲಗಿದ್ರೆ ಗೊರಕೆ ಕೇಳೋದು.”

“ಮತ್ತೆ ಡಾಕ್ಟ್ರ ಮುಂದೆ ಯಾಕಂಗಂದೆ?”

ಅವನು ಬೀದಿಯ ಕಡೆ ನೋಡುತ್ತಾ ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡ. ಈಗ ಅವನಿಗೆ ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರು ಬೇಕು.

“ನಿನ್ ಜಾಗದಲ್ಲಿ ನಾನಿದ್ದಿದ್ರೆ ನಾನೂ ಎದ್ದು ಬತ್ತಿರ್ಲಿಲ್ಲ ಕಣ್ಲಾ.”

ಕ್ಷಮಿಸಿದ್ದೇನೆ ಅಂದಿದ್ದರೆ ಅಲ್ಲೇ ಬೈದು ಎದ್ದು ಬರುತ್ತಿದ್ದೆ. ಅದಕ್ಕೆ ತಯಾರಾಗಿಯೇ ಹೋಗಿದ್ದೆ. ಅವನು ಕ್ಷಮಿಸಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. ಹನ್ನೊಂದು ವರ್ಷ ಒಂದೇ ಗಾಡಿಯಲ್ಲಿ ಕೂತವನಿಗೆ ಅಷ್ಟು ತಿಳಿಯುತ್ತದೆ. ಅವನೂ ನನ್ನನ್ನು ಸಾಯಲು ಬಿಡುತ್ತಿದ್ದ, ಆದರೆ ಆ ಅವಕಾಶ ಬಂದದ್ದು ನನಗೆ, ಬಿಟ್ಟವನು ನಾನು. ಏನಾದರೂ ಹೇಳಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅತ್ತಿಗೆ ಎರಡು ಲೋಟ ಹಿಡಿದು ಹೊರಗೆ ಬಂದರು, ಮೊದಲ ಕಾಫಿಯನ್ನು ನನ್ನ ಕೈಗೆ ಕೊಟ್ಟರು. ನಾನು ತೆಗೆದುಕೊಂಡು ಕುಡಿದೆ.